ಪುಸ್ತಕದ ಕೈ

"ನಿನ್ನ ಏಳು ಸರಿಯಿಲ್ಲ," ಎಂದ ಸೀನಿಯರ್. "ಬಾಲ ಉದ್ದ ಆಯ್ತು. ಇನ್ನೊಂದ್ಸಲ ಬರಿ."

ಹುಡುಗಿ ರಫ್ ಹಾಳೆಯ ಮೇಲೆ ಮತ್ತೆ ಏಳರ ಅಂಕಿ ಬರೆದಳು, ಸಾಲಿಗೆ ಇಪ್ಪತ್ತರಂತೆ. ಪದವಿಯ ಕೊನೆಯ ಪರೀಕ್ಷೆ ಮುಗಿಸಿ ಇನ್ನೂ ತಿಂಗಳಾಗಿರಲಿಲ್ಲ. ಸೋಮವಾರದಿಂದ ಅವಳು ಸಂಶೋಧನಾ ವಿದ್ಯಾರ್ಥಿನಿ. ಐದು ದಿನದಲ್ಲಿ ಮಾಡಿದ ಘನಂದಾರಿ ಸಂಶೋಧನೆಯೆಂದರೆ ಒಂದನೇ ಕ್ಲಾಸಿನ ಮಗುವಿನ ಹಾಗೆ ಅಂಕಿ ತಿದ್ದಿದ್ದು. ಅವಳಿಗೆ ನಗು ಬರುತ್ತಿತ್ತು. ಆದರೆ ಆ ಕೋಣೆಯಲ್ಲಿ ನಗುವುದಕ್ಕೆ ಯಾಕೋ ಧೈರ್ಯವಾಗುತ್ತಿರಲಿಲ್ಲ.

ಕಿಟಕಿಯಿಲ್ಲದ ಕೋಣೆ. ಚಾವಣಿಯ ಕಬ್ಬಿಣದ ತೊಲೆಯಿಂದ ಒಂದು ತಂತಿ ಇಳಿಬಿದ್ದಿತ್ತು, ಅದರ ತುದಿಗೊಂದು ಭಾರದ ಗುಂಡು. ಭಾರಕ್ಕೆ ತಂತಿ ಎಷ್ಟು ಜಗ್ಗುತ್ತದೆ ಎಂದು ಅರ್ಧ ಗಂಟೆಗೊಮ್ಮೆ ಮಸೂರದಲ್ಲಿ ನೋಡಿ ದಪ್ಪ ಪುಸ್ತಕದಲ್ಲಿ ಬರೆಯಬೇಕು. ಅರವತ್ತೊಂದು ವರ್ಷದಿಂದ ಹೀಗೇ ಬರೆಯುತ್ತ ಬಂದಿದ್ದರು, ಒಂದು ಸಲವೂ ತಪ್ಪಿಸಿರಲಿಲ್ಲ. ತಂತಿ ಜಗ್ಗಿದ್ದು ಬೆರಳಿನ ಒಂದು ಗೆಣ್ಣಿನಷ್ಟು. ಇಲ್ಲಿನ ಕಟ್ಟುನಿಟ್ಟು ಒಂದೇ: ಬರೆಯುವವರು ಎಷ್ಟು ಜನವಾದರೂ ಆಗಲಿ, ಬರಹ ಒಂದೇ ಇರಬೇಕು.

"ಮಧ್ಯೆ ಅಕ್ಷರ ಬದಲಾದ್ರೆ ಓದೋನಿಗೆ ಅನುಮಾನ ಬರುತ್ತೆ, ಅಲ್ಲೇ ತಂತಿನೂ ಬದಲಾಯ್ತೇನೋ ಅಂತ," ಎಂದು ಮೊದಲ ದಿನವೇ ಸೀನಿಯರ್ ಹೇಳಿದ್ದ. "ಇದಕ್ಕೆ ಪುಸ್ತಕದ ಕೈ ಅಂತೀವಿ. ಎಲ್ಲೋ ಎರಡು ವರ್ಷ ಕೆಲ್ಸ ಮಾಡಿ ಬಂದೋರಿಗೆ ಇದು ಕೂರಲ್ಲ. ನಿನ್ ಹಾಗೆ ನೇರವಾಗಿ ಬಂದೋರಿಗೆ ಬೇಗ ಕೂರುತ್ತೆ."

ಅವಳು ಹಳೆಯ ಪುಟಗಳನ್ನು ಹಿಂದಕ್ಕೆ ತಿರುವಿದಳು. ಹತ್ತು ವರ್ಷ, ಮೂವತ್ತು ವರ್ಷ. ಶಾಯಿಯ ಬಣ್ಣ ಮಾಸುತ್ತ ಹೋಯಿತೇ ಹೊರತು ಒಂದು ಗೆರೆಯೂ ಆಚೀಚೆ ಆಗಲಿಲ್ಲ.

"ಇವ್ರೆಲ್ಲ ಈಗ ಎಲ್ಲಿದ್ದಾರೆ?"

"ಯಾರು?"

"ಇದನ್ನ ಬರೆದೋರು."

ಸೀನಿಯರ್ ಪುಸ್ತಕವನ್ನು ನೋಡಿದ, ಅವಳನ್ನು ನೋಡಿದ. ಪ್ರಶ್ನೆ ಅರ್ಥವಾದಂತೆ ಕಾಣಲಿಲ್ಲ. "ಬರೆದಿದ್ದಾರಲ್ಲ," ಎಂದ.

ಹೀಗೆ ನೇರವಾಗಿ ಬರಬೇಕೆಂದು ಅವಳೇನೂ ಆಸೆಪಟ್ಟಿರಲಿಲ್ಲ. ಸಾಕಿ ಬೆಳೆಸಿದ ಚಿಕ್ಕಮ್ಮನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತಿದ್ದಳು. "ಪೂರ್ತಿ ಕತ್ತಲಾಗೋ ಮುಂಚೆ ಒಂದು ವರ್ಷ ನನ್ ಕಣ್ಣೆದುರಿಗೆ ಇರು ಪುಟ್ಟಾ, ಆಮೇಲೆ ಎಷ್ಟು ಬೇಕಾದ್ರೂ ಓದ್ಕೋ," ಎಂದಿದ್ದಳು. ಅಪ್ಪನದು ಮಾತ್ರ ಒಂದೇ ಪಟ್ಟು, ಓದಿನ ಬಿಸಿ ಆರಬಾರದು. ಸೀಟನ್ನು ಒಂದು ವರ್ಷ ಮುಂದೂಡಿಸಿಕೊಳ್ಳಲು ಇವತ್ತು ಸಂಜೆ ಐದರವರೆಗೆ ಸಮಯವಿತ್ತು. ಐದು ದಿನದಿಂದ ಹೋಗಲೋ ಬೇಡವೋ ಎಂದು ಅವಳು ಒದ್ದಾಡುತ್ತಿದ್ದಳು.

ಮೂರೂವರೆಗೆ ಸೀನಿಯರ್ ತನ್ನ ಪೆನ್ನನ್ನು ಅವಳ ಕೈಗಿತ್ತ. "ಈ ಸಲ ಪುಸ್ತಕದಲ್ಲೇ ಬರಿ."

ಅವಳು ಮಸೂರಕ್ಕೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ಬರೆದಳು. ಕೈ ತಾನಾಗಿ ಸರಿಯಿತು. ಬರೆದಾದ ಮೇಲೆ ನೋಡಿದರೆ ತನ್ನ ಸಾಲು ಯಾವುದು, ಮೇಲಿನ ಸಾಲು ಯಾವುದು ಎಂದು ಅವಳಿಗೇ ಗೊತ್ತಾಗಲಿಲ್ಲ. ಸೀನಿಯರ್ ಮೊದಲ ಬಾರಿ ನಕ್ಕ. ಅವಳಿಗೂ ಖುಷಿಯಾಯಿತು. ಆ ಖುಷಿಗೇ ಅವಳು ಹೆದರಿದಳು. ಬ್ಯಾಗು ಎತ್ತಿಕೊಂಡು, ಹೇಳದೆ ಕೇಳದೆ, ಒಂದೇ ಉಸಿರಿಗೆ ಆಫೀಸಿಗೆ ಓಡಿದಳು.

ಕೌಂಟರಿನಲ್ಲಿದ್ದ ಗುಮಾಸ್ತೆ ಒಳ್ಳೆಯ ಹೆಂಗಸು. "ಅಷ್ಟೇನಾ? ಅದಕ್ಯಾಕೆ ಇಷ್ಟು ಏದುಸಿರು? ಸೀಟು ಮುಂದೂಡಿ ಅಂತ ಒಂದು ಸಾಲು ಬರೆದು ಸಹಿ ಹಾಕು," ಎಂದು ಹಾಳೆ ಕೊಟ್ಟಳು. ಹುಡುಗಿ ಬರೆದಳು. ಗುಮಾಸ್ತೆ ಕಪಾಟಿನಿಂದ ಅವಳ ಪ್ರವೇಶದ ಫಾರ್ಮು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಳು. ಹುಬ್ಬು ಗಂಟಾಯಿತು.

"ಸಹಿ ಹೊಂದ್ತಾ ಇಲ್ವಲ್ಲಮ್ಮಾ. ನಿಧಾನವಾಗಿ ಇನ್ನೊಂದ್ಸಲ ಹಾಕು."

ಅವಳು ನಿಧಾನವಾಗಿ ಹಾಕಿದಳು. ಮತ್ತೊಮ್ಮೆ ಹಾಕಿದಳು. ಮೂರು ವರ್ಷ ಉತ್ತರಪತ್ರಿಕೆಗಳ ಮೇಲೆ ಕಣ್ಣು ಮುಚ್ಚಿಕೊಂಡು ಗೀಚುತ್ತಿದ್ದ ಸಹಿ ಅದು. ಈಗ ಫಾರ್ಮನ್ನೇ ಎದುರಿಗಿಟ್ಟುಕೊಂಡು ನಕಲು ಮಾಡಲು ಹೋದರೂ ಕೈ ಆ ಕಡೆ ಬಾಗಲಿಲ್ಲ. ಹಾಳೆ ತುಂಬ ಒಂದೇ ಅಳತೆಯ, ನೆಟ್ಟಗಿನ, ತಪ್ಪಿಲ್ಲದ ಅಕ್ಷರಗಳು ಸಾಲುಗಟ್ಟಿದವು.

"ನಾನೇ ಮೇಡಂ! ಫೋಟೋ ನೋಡಿ ಬೇಕಾದ್ರೆ."

"ಯಾರ ಫೋಟೋ ಯಾರನ್ನಾದ್ರೂ ಹೋಲುತ್ತೆ. ನಾವು ನೋಡೋದು ಸಹಿ." ಗುಮಾಸ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಮರುಕವಿತ್ತು. ಅವಳು ಫಾರ್ಮಿನ ಮೇಲೆ ಪ್ರೀತಿಯಿಂದ ಕೈಯಾಡಿಸಿ, ಗೋಡೆಯ ಗಡಿಯಾರ ನೋಡಿದಳು.

"ಇನ್ನೂ ಒಂದು ಗಂಟೆ ಇದೆ, ನಾನು ಇಲ್ಲೇ ಇರ್ತೀನಿ. ಬೇಗ ಹೋಗಿ ಈ ಫಾರ್ಮಿನ ಹುಡುಗೀನ ಕರ್ಕೊಂಡು ಬಾ."