ಎಕ್ಸ್‌ಚೇಂಜ್ ಅತ್ತೆ

"ಎಕ್ಸ್‌ಚೇಂಜ್ ಇವತ್ತೂ ಬಾಗಿಲ ಹಿಂದೆ ನಿಂತಿತ್ತು ಕಣೇ ಅಕ್ಕ, ಮೊರದಗಲ ಕಿವಿ ಮಾಡ್ಕೊಂಡು."

ಸೊಸೆ ಓದಿದಳು. ಇನ್ನೊಮ್ಮೆ ಓದಿದಳು. ಬರೆದವಳು ಅವಳೇ, ಬೆಳಿಗ್ಗೆ, ತನ್ನ ಫೋನಿನಲ್ಲಿ. ಈಗ ಅದು ಕಾಣುತ್ತಿದ್ದದ್ದು ಅತ್ತೆಯ ಟ್ಯಾಬ್ಲೆಟ್ಟಿನಲ್ಲಿ.

"ಯಾಕೋ ನಿಧಾನ ಆಗಿದೆ, ಸ್ವಲ್ಪ ನೋಡಮ್ಮ" ಎಂದು ಅತ್ತೆಯೇ ಅದನ್ನು ಕೈಗಿಟ್ಟು ಸ್ನಾನಕ್ಕೆ ಹೋಗಿದ್ದರು. ನೋಡಿದಳು. ಚೆನ್ನಾಗಿಯೇ ನೋಡಿದಳು. ತಾನು ಅಕ್ಕನಿಗೆ ಬರೆದದ್ದು, ಅಕ್ಕ ನಕ್ಕದ್ದು, ಎಲ್ಲ ಒಂದರ ಕೆಳಗೊಂದು ಸಾಲಾಗಿ ಕೂತಿತ್ತು. ಅತ್ತೆಯ ಕೆಮ್ಮು, ಅತ್ತೆಯ ಚಪ್ಪಲಿ ಸದ್ದು, ಅತ್ತೆ ಸೊರ್ರೆಂದು ಟೀ ಹೀರುವುದು. ಮೇಲಕ್ಕೆ ಸರಿಸಿ ಹಳೆಯದನ್ನು ನೋಡುವ ಧೈರ್ಯ ಬರಲಿಲ್ಲ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಯಾಕೆ ಬಿಡಬೇಕು, ಬಾಯಿ ಬಿಟ್ಟವಳು ಇವಳಲ್ಲವೇ!

ತಪ್ಪು ಎಲ್ಲಾಯಿತೆಂದು ಹುಡುಕಬೇಕಾಗಿರಲಿಲ್ಲ. ಟ್ಯಾಬ್ಲೆಟ್ಟು ಮೊದಲು ಅವಳದೇ. ಹೋದ ವರ್ಷ ಹೊಸದು ಬಂದಾಗ, ಪದಬಂಧ ಬಿಡಿಸಲಿಕ್ಕಾಯಿತು ಎಂದು ಹಳೆಯದನ್ನು ಅತ್ತೆಗೆ ದೊಡ್ಡ ಮನಸ್ಸಿನಿಂದ ಕೊಟ್ಟಿದ್ದಳು. ತನ್ನ ಖಾತೆ ತೆಗೆಯಲು ಮರೆತಿದ್ದಳು.

ಅತ್ತೆ ಒಂದು ಕಾಲಕ್ಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿನ ಕರೆಗಳನ್ನೆಲ್ಲ ಕೈಯಾರೆ ಜೋಡಿಸಿದವರು. ಆ ಅಡ್ಡಹೆಸರು ಬಂದದ್ದು ಅದಕ್ಕೇ. "ಲೈನ್ ಕಡಿದ್ರೆ ಮೊದಲು ಜೋಡಿಸಬೇಕು, ಕಡಿದೋರು ಯಾರು ಅಂತ ಆಮೇಲೆ ಹುಡುಕಬೇಕು" ಅನ್ನುವುದು ಅವರ ಮಾತು. ಸೊಸೆ ಅದನ್ನೂ ಬಿಡದೆ ಅಕ್ಕನಿಗೆ ಅಣಕಿಸಿ ಬರೆದಿದ್ದಳು.

ಅಕ್ಕ ಎಂದರೆ ಅವಳಿಗೆ ತವರು. ಅಪ್ಪ ಅಮ್ಮ ಹೋದಮೇಲೆ ಉಳಿದದ್ದು ಅವಳೊಬ್ಬಳೇ. ಕಳೆದ ಚಳಿಗಾಲದಲ್ಲಿ ಅದೂ ಕೈತಪ್ಪುವುದರಲ್ಲಿತ್ತು. ಶಾಲೆಯ ಕಾರ್ಯಕ್ರಮದಲ್ಲಿ ಅಕ್ಕನ ಮಗಳು ಕುಣಿದಾಗ, "ಕಂಬಕ್ಕೆ ಲಂಗ ತೊಡಿಸಿದ್ರೂ ಇದಕ್ಕಿಂತ ಚೆನ್ನಾಗಿ ಕುಣೀತಿತ್ತು" ಎಂದುಬಿಟ್ಟಿದ್ದಳು, ಮಗುವಿನ ಎದುರಿಗೇ. ಅಕ್ಕ ಮಾತು ಬಿಟ್ಟಳು. ಇವಳೂ ಬಿಟ್ಟಳು. ಚಳಿಗಾಲ ಪೂರ್ತಿ ಫೋನು ಹಿಡಿದು ಅತ್ತಳೇ ಹೊರತು, "ತಪ್ಪಾಯ್ತು" ಅನ್ನುವ ಒಂದು ಪದ ಬೆರಳಿಗೆ ಬರಲಿಲ್ಲ.

ಕೊನೆಗೆ ಅಕ್ಕನಿಂದಲೇ ಮೆಸೇಜು ಬಂತು. "ಸರಿ ಬಿಡೇ ಕತ್ತೆ. ಭಾನುವಾರ ಊಟಕ್ಕೆ ಬಾ. ಆ ಮಾತು ಇನ್ನು ಇಬ್ಬರೂ ಎತ್ತೋದು ಬೇಡ."

ಇಬ್ಬರೂ ಎತ್ತಲಿಲ್ಲ. ಆದರೆ ಸೊಸೆ ಮನೆಯಲ್ಲಿ ಮಾತ್ರ ಡಂಗುರ ಸಾರಿದಳು. "ನೋಡಿದ್ರಾ ಅತ್ತೆ, ನಾನು ಬಗ್ಗಲಿಲ್ಲ. ಅವಳೇ ದಾರಿಗೆ ಬಂದಳು!"

"ಹೌದಮ್ಮ, ಗಟ್ಟಿಗಿತ್ತಿ ನೀನು" ಎಂದಿದ್ದರು ಅತ್ತೆ, ಪದಬಂಧದಿಂದ ತಲೆ ಎತ್ತದೆ.

ಅತ್ತೆ ಸ್ನಾನ ಮುಗಿಸುವ ಮೊದಲೇ ಸೊಸೆ ರಿಪೇರಿ ಅಂಗಡಿಗೆ ಓಡಿದಳು. ಅಂಗಡಿಯಾಕೆ ಫೋನನ್ನೂ ಟ್ಯಾಬ್ಲೆಟ್ಟನ್ನೂ ಅಕ್ಕಪಕ್ಕ ಇಟ್ಟು ತಡಕಾಡಿದಳು.

"ಜೋಡಣೆ ಅರ್ಧಂಬರ್ಧ ಆಗಿದೆ ಮೇಡಂ. ಫೋನಲ್ಲಿರೋದು ಇದಕ್ಕೆ ಬರ್ತಿದೆ. ಇದರಿಂದ ಕಳಿಸಿದ್ದು ಫೋನಲ್ಲಿ ಕಾಣಿಸ್ತಿಲ್ಲ."

"ಇದರಿಂದ ಕಳಿಸೋರು ಯಾರೂ ಇಲ್ಲ. ಎರಡನ್ನೂ ಬೇರೆ ಮಾಡಿಬಿಡಿ, ಸಾಕು."

"ಹಾಗೇ ಕಿತ್ತರೆ ಹಳೇ ಮೆಸೇಜೆಲ್ಲ ಹೋದ್ರೂ ಹೋಯ್ತು. ಮೊದಲು ಎರಡನ್ನೂ ಸರಿಹೊಂದಿಸೋಕೆ ಹಾಕಿರ್ತೀನಿ. ಅದರ ಪಾಡಿಗೆ ಆಗುತ್ತೆ, ನೀವು ಮನೆಗೆ ಹೋಗಿ. ಮುಗಿದಮೇಲೆ ಇಲ್ಲಿ ಒತ್ತಿದ್ರೆ ಬೇರೆಯಾಗುತ್ತೆ."

ಅಕ್ಕನ ಮೆಸೇಜು ಹೋಗುವುದು ಬೇಡ. ಹೂಂ ಎಂದಳು.

ದಾರಿಯುದ್ದಕ್ಕೂ ಒಂದೊಂದೇ ನೆನಪಾಯಿತು. ಅತ್ತೆ ಈಗೀಗ ಟೀಯನ್ನು ಸದ್ದಿಲ್ಲದೆ ಕುಡಿಯುತ್ತಿದ್ದರು. ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಮನೆಯೊಳಗೆ ಮೆಟ್ಟಲು ಮೆತ್ತನೆಯ ಚಪ್ಪಲಿ ತಂದುಕೊಂಡಿದ್ದರು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು! ನಾಚಿಕೆಯಿಂದ ತನ್ನ ಮನೆಯ ಬಾಗಿಲು ತಟ್ಟಲೂ ಕೈ ಏಳಲಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು.

"ಅತ್ತೆ... ಇದರಲ್ಲಿ ನನ್ನ ಮೆಸೇಜು ಬರ್ತಿತ್ತು. ಓದಿದ್ರಾ?"

"ಕಣ್ಣಿಗೆ ಬಿತ್ತು."

"ಎಲ್ಲಾನೂ?"

ಅತ್ತೆ ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. "ಮೊರ ಅಂದಿದ್ದು ಸ್ವಲ್ಪ ಜಾಸ್ತಿ ಆಯ್ತಮ್ಮ. ಎಕ್ಸ್‌ಚೇಂಜ್ ಪರವಾಗಿಲ್ಲ, ಚೆನ್ನಾಗಿದೆ."

ಸೊಸೆ ಅತ್ತುಬಿಟ್ಟಳು. "ತಪ್ಪಾಯ್ತು ಅತ್ತೆ." ಜೀವಮಾನದಲ್ಲಿ ಮೊದಲ ಸಲ ಆ ಪದ ಅವಳಿಂದ ಹೊರಬಂತು. "ಒಂದು ಮಾತು ಬೈಯೋದಲ್ವಾ ನೀವು?"

"ಲೈನಲ್ಲಿ ಕೇಳಿಸಿದ್ದು ಆಪರೇಟರ್ ಕಿವಿಯಲ್ಲೇ ಸಾಯಬೇಕು. ಮಧ್ಯೆ ಬಾಯಿ ಹಾಕೋ ಹಾಗಿಲ್ಲ." ಅತ್ತೆ ಬಟಾಣಿ ಬಟ್ಟಲನ್ನು ಇವಳತ್ತ ಸರಿಸಿದರು. "ನಾನು ಒಂದೇ ಒಂದು ಸಲ ಹಾಕಿದ್ದೀನಿ. ಅದು ನನ್ನ ತಪ್ಪು, ಅದಕ್ಕೆ ನೀನು ನನ್ನನ್ನ ಕ್ಷಮಿಸಬೇಕು."

"ಯಾವಾಗ? ಯಾರ ಮಧ್ಯೆ?"

ಅತ್ತೆ ಸಿಪ್ಪೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಕೆಮ್ಮಿದ್ದು ಕೇಳಿಸಿತು.

ಫೋನು ಟಿಣ್ ಎಂದಿತು. ಸರಿಹೊಂದಿಸುವ ಕೆಲಸ ಮುಗಿದಿತ್ತು. ಬೇರೆ ಮಾಡುವ ಮೊದಲು ಅಕ್ಕನ ಮೆಸೇಜು ಭದ್ರವಾಗಿದೆಯೇ ಎಂದು ಸೊಸೆ ಮೇಲಕ್ಕೆ ಸರಿಸುತ್ತಾ ಹೋದಳು. "ಸರಿ ಬಿಡೇ ಕತ್ತೆ" ಅಲ್ಲೇ ಇತ್ತು. ಅದರ ನೆತ್ತಿಯ ಮೇಲೆ, ಇಷ್ಟು ದಿನ ಏನೂ ಇಲ್ಲದ ಜಾಗದಲ್ಲಿ, ಟ್ಯಾಬ್ಲೆಟ್ಟಿನಿಂದ ಹೋದ ಒಂದು ಮೆಸೇಜು ಬಂದು ಕೂತಿತ್ತು. ಅವಳದೇ ಹೆಸರಿನಲ್ಲಿ. ಅವಳು ಎಂದೂ ಬರೆಯದದ್ದು.

"ಅಕ್ಕಾ, ಮಗುವಿಗೆ ಹಾಗಂದಿದ್ದು ನನ್ನ ತಪ್ಪು. ಬಾಯಿಬಿಟ್ಟು ಹೇಳೋಕೆ ನಾಚಿಕೆ. ನನಗೆ ತವರು ಅಂತ ಇರೋದು ನೀನೊಬ್ಬಳೇ, ಲೈನ್ ಕಡೀಬೇಡ."