ಇನ್ನೂರ ಹದಿಮೂರನೆಯ ಪುಸ್ತಕ

ಹದಿನೇಳನೆಯ ಪುಸ್ತಕ ಕಂಪ್ಯೂಟರಿನಲ್ಲಿ ಬೆಳ್ಳಗಾಗಿ ಕೂತಿತ್ತು. ವಿದ್ಯಾವತಿ ಮೌಸ್ ಒತ್ತಿ ಒಂದೊಂದೇ ಪುಟ ಸರಿಸಿದಳು. ನೂರ ನಲವತ್ತು ಪುಟಗಳೂ ಇದ್ದವು, ಅಕ್ಷರ ಮಾತ್ರ ಒಂದೂ ಇರಲಿಲ್ಲ.

"ರೀ, ಇಲ್ಲಿ ಬರ್ರಿ ಸ್ವಲ್ಪ. ಮೊನ್ನೆ ನಾ ಇದನ್ನ ಓದೇನಿ. ಈಗ ನೋಡಿದ್ರ ಏನೂ ಇಲ್ಲ!"

ಗಂಡ ಪುಂಡಲೀಕ ಏಳಲಿಲ್ಲ. ಪಡಸಾಲೆಯಲ್ಲಿ ಕೂತು ಇನ್ನೊಂದು ಪುಸ್ತಕದ ಪಿನ್ನು ಕೀಳುತ್ತಿದ್ದ. ಮೂವತ್ತು ವರ್ಷ ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಇನ್ನು ಹದಿನೈದು ದಿನದಲ್ಲಿ ಕ್ವಾರ್ಟರ್ಸ್ ಬಿಟ್ಟು ಹಳಿಯಾಳದ ಒಂದು ಕೋಣೆಗೆ ಹೋಗಬೇಕು, ಮುನ್ನೂರು ಪುಸ್ತಕಕ್ಕೆ ಅಲ್ಲಿ ಜಾಗವೆಲ್ಲಿ? ಅದಕ್ಕೇ ಈ ಉಸಾಬರಿ. ರಟ್ಟು ಕೀಳು, ಪಿನ್ನು ತೆಗೆ, ಹಾಳೆಗಳನ್ನು ಸ್ಕ್ಯಾನರಿಗೆ ಕೊಡು, ನಂಬರು ಹಾಕಿ ಕಂಪ್ಯೂಟರಿನಲ್ಲಿ ಇಡು, ಆಮೇಲೆ ಹಾಳೆಗಳನ್ನು ದಾರದಿಂದ ಕಟ್ಟಿ ರದ್ದಿಯ ಶೇಖಪ್ಪನಿಗೆ ಒಪ್ಪಿಸು. ಶೇಖಪ್ಪ ಅವನ್ನು ಹಳಿಯಾಳ ರಸ್ತೆಯ ಸಣ್ಣದೊಂದು ರಟ್ಟಿನ ಕಾರ್ಖಾನೆಗೆ ಒಯ್ಯುತ್ತಿದ್ದ. ಕಾಗದವನ್ನು ಸುಡುವುದೆಂದರೆ ಪುಂಡಲೀಕನಿಗೆ ಮೈ ಉರಿಯುತ್ತಿತ್ತು. ಕಾಗದ ನೀರಿನ ತೊಟ್ಟಿಗೇ ಹೋಗಬೇಕು, ತಳದಲ್ಲಿ ತಿರುಗುವ ಬ್ಲೇಡಿಗೆ ಸಿಕ್ಕಿ ಅರೆದು ಮತ್ತೆ ಕಾಗದವಾಗಬೇಕು. ಒಂದು ಪಿನ್ನು ಉಳಿದರೂ ಯಂತ್ರ ಕೆಡುತ್ತದೆಂದು ಅಷ್ಟನ್ನೂ ತಾನೇ ಕಿತ್ತು ಕೊಡುವವನು. ಅಷ್ಟು ಶಿಸ್ತು ಈ ಮಹಾನುಭಾವನದು!

"ಸ್ಕ್ಯಾನರ್ ಕೆಟ್ಟಿರಬೇಕು," ಎಂದ.

"ಅದು ಕೆಟ್ಟಿದ್ರ ಅರವತ್ತನೇದು ಹೆಂಗ ಚಂದ ಕಾಣ್ತೈತಿ? ಹದಿನೆಂಟು ಬೆಳ್ಳಗ, ಹತ್ತೊಂಬತ್ತು ಬೆಳ್ಳಗ. ಗುರುವಾರ ಶೇಖಪ್ಪಗ ಕೊಟ್ಟ ಕಟ್ಟಿನೊಳಗಿನವು ಅಷ್ಟೂ ಹೋಗ್ಯಾವ. ಮನ್ಯಾಗ ಹಾಳಿ ಇರೂವು ಮಾತ್ರ ಹಂಗ ಅದಾವ."

"ಅಲ್ಲಿ ಕಾಗದ ಅರದ್ರ ಇಲ್ಲಿ ಅಕ್ಷರ ಹೋಗ್ತಾವೇನ? ಹುಚ್ಚಿ ಅದಿ ನೀ," ಎಂದು ಪುಂಡಲೀಕ ನಕ್ಕ.

ವಿದ್ಯಾವತಿಗೆ ನಗು ಬರಲಿಲ್ಲ. "ತುಳಜಾನ ನೋಟಬುಕ್ ಎಲ್ಲೈತ್ರಿ?" ಎಂದು ಕೇಳಿದಳು.

ತುಳಜಾ ಅವರ ಒಬ್ಬಳೇ ಮಗಳು. ಶಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದಾಗ ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟಿದ್ದಳು. ಅದಾಗಿ ಹನ್ನೊಂದು ವರ್ಷವಾಗಿತ್ತು. ಅವಳ ಕೈಬರಹವೆಂದು ಉಳಿದದ್ದು ಇಪ್ಪತ್ತು ಪುಟದ ಪ್ರಬಂಧದ ನೋಟಬುಕ್ ಒಂದೇ. ಪುಂಡಲೀಕ ಅದಕ್ಕೂ ಇನ್ನೂರ ಹದಿಮೂರು ಎಂದು ನಂಬರು ಹಾಕಿ ಸ್ಕ್ಯಾನ್ ಮಾಡಿದ್ದ.

"ಅದನ್ನ ಕೊಡ್ತೇನೇನ? ಟ್ರಂಕಿನ್ಯಾಗ ಐತಿ," ಎಂದು ಎದ್ದು ಹೋಗಿ ಟ್ರಂಕು ತೆರೆದ. ದಾರ ಕಟ್ಟಿದ ತೆಳ್ಳನೆಯ ಕಟ್ಟು ಅಲ್ಲಿತ್ತು. ಮೇಲಿನ ಖಾಲಿ ಹಾಳೆ ಸರಿಸಿದರೆ ಒಳಗಿದ್ದದ್ದು ಯಾವುದೋ ಹಳೆಯ ಪಂಚಾಂಗ. ರಟ್ಟು, ಪಿನ್ನು ಎಲ್ಲ ಕಿತ್ತ ಮೇಲೆ ಎರಡೂ ಒಂದೇ ಥರ ಕಂಡಿದ್ದವು. ಪಂಚಾಂಗವೆಂದು ಕೊಟ್ಟ ಕಟ್ಟನ್ನು ಮುಂಜಾನೆಯಷ್ಟೇ ಶೇಖಪ್ಪ ಒಯ್ದಿದ್ದ. ಅವನ ಮೊಬೈಲಿಗೆ ಹಚ್ಚಿದರೆ ಎತ್ತಲಿಲ್ಲ. ಪುಂಡಲೀಕ ಚಪ್ಪಲಿಯನ್ನೂ ಮೆಟ್ಟದೆ ಆಟೋ ಹಿಡಿಯಲು ಓಡಿದ.

ವಿದ್ಯಾವತಿ ಇನ್ನೂರ ಹದಿಮೂರು ತೆರೆದು ಕೂತಳು. ದುಂಡನೆಯ ನೀಲಿ ಅಕ್ಷರಗಳು ಇದ್ದವು. ಇವೆಯಲ್ಲ ಸದ್ಯ ಎಂದು ಉಸಿರು ಬಿಟ್ಟಳು. ಅರ್ಧ ತಾಸು ಕಣ್ಣು ಕೀಳದೆ ನೋಡಿದಳು. ಆಮೇಲೆ ಮೊದಲನೆಯ ಪುಟದ ಸಾಲುಗಳು ಅಂಚಿನಿಂದ ತಿಳಿಯಾಗುತ್ತ ಬಂದು, ಅವಳ ಕಣ್ಣೆದುರೇ ಇಲ್ಲವಾದವು. ಎರಡನೆಯ ಪುಟ ಹೋಯಿತು. ಮೂರನೆಯದೂ ಹೋಯಿತು. "ಅಯ್ಯೋ ನನ್ನವ್ವ, ನಿಲ್ಲ," ಎಂದು ಪರದೆಗೆ ಅಂಗೈ ಒತ್ತಿ ಹಿಡಿದಳು. ಅಕ್ಷರಗಳು ನಿಲ್ಲಲಿಲ್ಲ.

ಅಷ್ಟರಲ್ಲಿ ಫೋನ್ ರಿಂಗಣಿಸಿತು. ಶೇಖಪ್ಪನ ಮೊಬೈಲಿನಿಂದ ಪುಂಡಲೀಕನ ದನಿ, ಹಿಂದೆ ಯಂತ್ರದ ಗದ್ದಲ.

"ವಿದ್ಯಾ, ತೊಟ್ಟಿಗೆ ಸುರವಿಬಿಟ್ಟಾರ! ಒಂದ ಹಾಳಿ ಮ್ಯಾಲ ತೇಲಾಕತ್ತೈತಿ. 'ನಮ್ಮ ಅಪ್ಪ' ಅಂತ ಬರದಾಳ ನೋಡ, ಕಾಣ್ತೈತಿ ನನಗ..."

ಮಾತು ಅಲ್ಲಿಗೇ ನಿಂತಿತು. ಯಂತ್ರದ ಸದ್ದೊಂದೇ ಕೇಳುತ್ತಿತ್ತು. ವಿದ್ಯಾವತಿ ಕೊನೆಯ ಪುಟಕ್ಕೆ ಹೋದಳು. 'ನಮ್ಮ ಅಪ್ಪ ಕಾಗದ ಮಾಡುತ್ತಾರೆ' ಎಂದು ಶುರುವಾಗುವ ಎಂಟು ಸಾಲು ಅವಳಿಗೆ ಬಾಯಿಪಾಠ. ಈಗ ಅದರ ಕೆಳಗೆ ಒಂಬತ್ತನೆಯ ಸಾಲಿತ್ತು. ಅದೇ ದುಂಡನೆಯ ಅಕ್ಷರ, ಆಗಷ್ಟೇ ಬರೆದ ಹಾಗೆ ಹಸಿ.

'ಅವ್ವಾ, ಅಪ್ಪಗ ಹಾಳಿ ಬಿಡು ಅನ್ನು.'

ಬಿಡು ಎಂದರೆ ಮಗಳದೆಂದು ಇನ್ನೇನೂ ಉಳಿಯುವುದಿಲ್ಲ. ಆದರೂ ವಿದ್ಯಾವತಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಫೋನಿನೊಳಗೆ ಒದರಿದಳು. "ಬಿಡ್ರಿ! ಹಾಳಿ ಬಿಡ್ರಿ! ನನ್ನಾಣಿ ಐತಿ, ಬಿಡ್ರೀ!"

ಪರದೆಯ ಮೇಲೆ ಎಂಟು ಸಾಲು ಒಂದರ ಹಿಂದೊಂದು ಹೋದವು. ಒಂಬತ್ತನೆಯದೂ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಆ ಕಡೆಯಿಂದ ಏದುಸಿರು ಕೇಳಿಸಿತು.

"ಬಿಟ್ಟೆ. ತೊಟ್ಟಿ ಮ್ಯಾಲ ಬಗ್ಗಿದ್ದೆ, ಕಾಲು ಜಾರಿತ್ತು ವಿದ್ಯಾ. ಹಾಳಿ ಬಿಟ್ಟು ಅದ ಕೈಲೆ ಅಂಚು ಹಿಡಕೊಂಡೆ, ಅದಕ್ಕ ಉಳದೆ. ಆದ್ರ ನಾ ಹಾಳಿ ಹಿಡದೇನಿ ಅಂತ ನಿನಗ ಹೆಂಗ ಗೊತ್ತಾತು?"

"ತುಳಜಾ ಬರದಿದ್ಲು," ಎಂದಳು ವಿದ್ಯಾವತಿ, ಬಿಳಿಯ ಪುಟವನ್ನೇ ನೋಡುತ್ತ. "ಇನ್ನ ಅಕೀಗೆ ಬರಿಯಾಕ ಹಾಳಿ ಇಲ್ರಿ."