ಮರಿಯ ಎರಡು ಕಾಗದ

ಅಜ್ಜಿಯ ಮಡಿಲಲ್ಲಿ ನಾಯಿಮರಿ, ಒಂದೊಂದು ಕೈಯಲ್ಲಿ ಮರಿಯ ತಳಿ, ತಂದೆ-ತಾಯಿಯ ವಿವರ ಬರೆದ ಒಂದೊಂದು ಕೆನೆಲ್ ಕ್ಲಬ್ಬಿನ ಕಾಗದ. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಯಾವ ಕ್ಲಬ್ಬಿಂದು ಬೇಕೋ ಆರಿಸಿ ಅಮ್ಮಾ, ಎರಡೂ ಅಸಲಿ," ಎಂದ ಮರಿ ಮಾರುವವನು.

"ಸುಳ್ಳು ಕಾಗದ ಆದ್ರೆ ಮರೀನ ನಾಯಿ ಪ್ರದರ್ಶನಕ್ಕೆ ಸೇರಿಸಲ್ಲ ಅಜ್ಜಿ," ಎಂದು ಮೊಮ್ಮಗಳು ಉಗುರು ಕಚ್ಚಿದಳು.

ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿ. "ಇದರ ತಾಯಿಯನ್ನ ಒಮ್ಮೆ ತೋರಿಸಪ್ಪ," ಅಂದಳು. ಹಿಂದಿನ ಕೋಣೆಯಿಂದ ಕಂದು ನಾಯಿಯೊಂದು ಬಂತು. ಮರಿ ಮಡಿಲಿಂದ ಜಾರಿ ಅದರ ಮೊಲೆಗೆ ಬಾಯಿ ಹಾಕಿತು.

"ತಾಯಿ ಬಣ್ಣ ಏನು ಬರೆದಿದೆ, ಓದೇ."

"ಇದರಲ್ಲಿ ಕಪ್ಪು ಅಂತಿದೆ ಅಜ್ಜಿ. ಅದರಲ್ಲಿ ಬಿಳಿ."

ಅಜ್ಜಿ ಎರಡೂ ಕಾಗದ ಅವನ ಕೈಗಿಟ್ಟಳು. "ನೀನೇ ಆರಿಸಪ್ಪ. ಈ ಬಾಣಂತಿ ಯಾವುದರಲ್ಲಿದ್ದಾಳೆ?"

ಅವನು ಕಾಗದ ನೋಡಿದ, ನಾಯಿ ನೋಡಿದ, ತಲೆ ಕೆರೆದುಕೊಂಡ.